ಹುಟ್ಟದ ಫೋನಿಗೆ ಹೊಲಿದ ಜೇಬು

ಇದು ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ಯೂನಿಟ್ಟಿನ ಕಟಿಂಗ್ ಮಾಸ್ಟರು. ಗುಟ್ಟಾಗಿ ಹೇಳಲಿಲ್ಲ. ಕೈಯಲ್ಲಿದ್ದ ಸೀಮೆಸುಣ್ಣವನ್ನು ಟೇಬಲ್ಲಿನ ಮೇಲಿಟ್ಟು, ಇಪ್ಪತ್ತನಾಲ್ಕು ಮಷೀನುಗಳ ಸದ್ದನ್ನು ಮೀರಿಸಿ ಹೇಳಿದರು.

“ಡಿಗ್ರಿ ಮಾಡಿದೋರ ಕೈಗೆ ಕತ್ತರಿ ಕೂಡೂದಿಲ್ರೀ. ಈಕಿ ಫರ್ಮಾ ತಗದು, ಆ ಮಾಲು ಪಾಸಾಗಿ, ಅದಕ್ಕ ನಾನು ಸಹಿ ಹಾಕೂದು? ಆಗೂ ಮಾತಲ್ಲ ಬಿಡ್ರಿ.”

ಹೆಂಗಸರೆಲ್ಲ ನಕ್ಕರು. ಮೂರನೇ ಮಷೀನಿನಲ್ಲಿ ಕೂತಿದ್ದ ನನ್ನ ಸೋದರತ್ತೆಯೂ ನಕ್ಕಳು. ಆಮೇಲೆ ಊಟದ ಹೊತ್ತಿನಲ್ಲಿ, “ನಗಲಿಲ್ಲಂದ್ರ ನಿನ್ನ ಪರ ಅಂತ ನನಗೂ ಬೈತಿದ್ದ” ಅಂದಳು.

ಫರ್ಮಾ ಎಂದರೆ ಬಟ್ಟೆಗೆ ಕತ್ತರಿ ಹಾಕುವ ಮೊದಲು ದಪ್ಪ ರಟ್ಟಿನಲ್ಲಿ ತೆಗೆಯುವ ಅಚ್ಚು. ಮುಂಭಾಗಕ್ಕೊಂದು, ಹಿಂಭಾಗಕ್ಕೊಂದು, ಸೊಂಟಪಟ್ಟಿಗೊಂದು, ಜೇಬಿಗೊಂದು. ರಟ್ಟಿನಲ್ಲಿ ಕಾಲಿಂಚು ತಪ್ಪಿದರೆ ಹೊಲಿದ ಅಷ್ಟೂ ಪ್ಯಾಂಟು ಕಾಲಿಂಚು ತಪ್ಪುತ್ತವೆ. ಆಂಧ್ರದ ಗಡಿಯಲ್ಲಿರುವ ನಮ್ಮ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಹೆಂಗಸರು ಓಣಿ ಓಣಿಯಲ್ಲಿ ಸಿಗುತ್ತಾರೆ. ಫರ್ಮಾ ತೆಗೆಯುವ ಹೆಂಗಸನ್ನು ನಾನಂತೂ ಕಂಡಿರಲಿಲ್ಲ. ಅದಕ್ಕೇ ಆರು ತಿಂಗಳ ತರಬೇತಿಗೆ ಸೇರಿದ್ದೆ. ಪಾಠ ಮುಗಿದಿತ್ತು, ಪರೀಕ್ಷೆಯೂ ಮುಗಿದಿತ್ತು. ಉಳಿದಿದ್ದು ಒಂದೇ. ಯಾವುದಾದರೂ ಯೂನಿಟ್ಟಿನಲ್ಲಿ ಒಂದು ಆರ್ಡರನ್ನು ಫರ್ಮಾದಿಂದ ಪ್ಯಾಕಿಂಗ್ ತನಕ ನಾನೇ ನಡೆಸಬೇಕು, ಮಾಲು ಪಾಸಾಗಬೇಕು, ಆ ಯೂನಿಟ್ಟಿನ ಮಾಸ್ಟರು ಫಾರಂಗೆ ಸಹಿ ಹಾಕಬೇಕು. ಸಹಿ ಬಿದ್ದರೆ ಸರ್ಟಿಫಿಕೇಟ್ ಮತ್ತು ಕಟಿಂಗ್ ಟೇಬಲ್ಲು. ಬೀಳದಿದ್ದರೆ ಅತ್ತೆಯ ಪಕ್ಕದ ಮಷೀನು. ಆ ಮಷೀನನ್ನು ನಾನು ಕೀಳಾಗಿ ನೋಡುತ್ತಿಲ್ಲ, ನನ್ನ ಕಾಲೇಜಿನ ಅರ್ಧ ಖರ್ಚು ಅತ್ತೆಯ ಮಷೀನಿನಿಂದಲೇ ಹುಟ್ಟಿದ್ದು. ಆದರೆ ಅಲ್ಲಿ ಕೂರಲು ಡಿಗ್ರಿ ಬೇಕಿರಲಿಲ್ಲ.

ನಾನು ಮಡಕಶಿರಾ ಪಕ್ಕದ ಗುಡಿಬಂಡೆ ಕಡೆಯವಳು. ಕುರಿ ಮೇಯಿಸುವ ಮನೆ. ಮಡಕಶಿರಾದ ಕಾಲೇಜಿಗೆ ದಿನಾ ಆಟೋದಲ್ಲಿ ಓಡಾಡಿ ಬಿ.ಎಸ್ಸಿ. ಮುಗಿಸಿದೆ. ನಮ್ಮ ಅಜ್ಜನ ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿ ಮನೆಗೆ ಮೊದಲು ಡಿಗ್ರಿ ತಂದವಳು ನಾನೇ, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕೊನೆಯ ಪರೀಕ್ಷೆ ಬರೆದ ದಿನವೇ ಅತ್ತೆಗೆ ಫೋನು ಮಾಡಿ, ಪದವಿ ಪತ್ರ ಇಟ್ಟುಕೊಳ್ಳಲು ಜೀನ್ಸ್ ತುಂಡಿನದೊಂದು ಚೀಲ ಹೊಲಿದುಕೊಡು ಅಂದಿದ್ದೆ. “ಮೊದ್ಲು ಕಾಗದ ಕೈಗೆ ಬರ್ಲಿ” ಅಂದಿದ್ದಳು. ಬಂದ ಮೇಲೇ ಅಳತೆ ತೆಗೆದು ಹೊಲಿದಳು.

ಆರ್ಡರು ಬಂದದ್ದು ಬೆಂಗಳೂರಿನ ಒಬ್ಬ ಪಾರ್ಟಿಯಿಂದ. ಎಂಟುನೂರು ಜೀನ್ಸು, ಮಾಮೂಲಿ ಕಟಿಂಗು. ಹೊಸದೇನೆಂದರೆ ಬಲತೊಡೆಯ ಮೇಲೆ ಒಂದು ಫೋನು ಜೇಬು. ಮುಂದಿನ ತಿಂಗಳು ಬಿಡುಗಡೆಯಾಗುವ ಒಂದು ದೊಡ್ಡ ಫೋನಿಗೆಂದೇ ಆ ಜೇಬು. ಫೋನು ಬಂದ ವಾರವೇ ಪ್ಯಾಂಟೂ ಅಂಗಡಿಯಲ್ಲಿ ನೇತಾಡಬೇಕು ಎಂಬುದು ಅವರ ಲೆಕ್ಕಾಚಾರ. ಫೋನು ಜೇಬಿನ ಬಾಯಿಗಿಂತ ಒಂದು ಬೆರಳು ಕೆಳಗೆ ಕೂರಬೇಕು. ಮೇಲೆ ಇಣುಕಬಾರದು, ಒಳಗೆ ಕುಣಿಯಬಾರದು.

ಅಳತೆಯ ಹಾಳೆ ಬಂತು. ಸೊಂಟ, ತೊಡೆ, ಮೋರಿ ಅಂದರೆ ಕಾಲಿನ ಕೆಳಬಾಯಿ, ಎಲ್ಲಕ್ಕೂ ಅಂಕಿ ಇತ್ತು. ಜೇಬಿನ ಮುಂದೆ ಮಾತ್ರ ಬರೆದಿತ್ತು: ‘ಹೊಸ ಫೋನಿಗೆ ತಕ್ಕಂತೆ.’

ಪಾರ್ಟಿಗೆ ಫೋನು ಮಾಡಿದೆ. “ಸರ್, ಜೇಬಿನ ಉದ್ದ ಎಷ್ಟು?”

“ಮೇಡಂ, ಫೋನೇ ಇನ್ನೂ ಬಂದಿಲ್ವಲ್ಲ. ಕಂಪನಿಯವರು ಬಾಯಿ ಬಿಡಲ್ಲ. ನೀವೇ ಸ್ವಲ್ಪ ನೋಡ್ಕೊಳ್ಳಿ. ಎಲ್ಲಾ ಯೂಟ್ಯೂಬಲ್ಲಿ ಇದೆ.”

ಯೂನಿಟ್ಟಿನ ಸಾಹುಕಾರರು ಇನ್ನೂ ಸಲೀಸಾಗಿ ಹೇಳಿದರು. “ಸೈನ್ಸ್ ಓದಿಯಲ್ಲವಾ, ಹುಡುಕು.”

ಹೀಗೆ ನಾನು, ನೋಡದ ಫೋನಿನ ಉದ್ದಗಲ ಹುಡುಕಲು ಕೂತೆ. ನಾನೊಬ್ಬಳೇ ಅಲ್ಲ, ಇಡೀ ಯೂನಿಟ್ಟೇ ಕೂತಿತು. ಚಹಾದ ಹೊತ್ತಿಗೆ ಎಲ್ಲರ ಕೈಯಲ್ಲೂ ಅದೇ ಮಾತಿನ ವೀಡಿಯೋ, ಹೆಚ್ಚಿನವು ತೆಲುಗಿನವು.

“ಮೂರು ಮಡಿಕಿ ಮಡಚ್ತಾರಂತ, ನಮ್ಮ ಸೀರಿ ಮಡಚಿದಂಗ” ಅಂದ ಇಸ್ತ್ರಿ ಮಾಡುವಾತ.

“ಚಾರ್ಜರ್ ಚುಚ್ಚೂ ತೂತ ಇರೂದಿಲ್ಲಂತ” ಅಂದಳು ಗುಂಡಿ ಹಚ್ಚುವಾಕೆ. “ಬಿಸಿಲಾಗ ಇಟ್ರ ಸಾಕಂತ.”

“ಹಂಗಾದ್ರ ನಮ್ಮೂರಾಗ ಒಂದಿನಕ್ಕ ಒಂದು ವರ್ಷದ್ದು ಚಾರ್ಜ್ ಆಕ್ಕೈತಿ.”

“ನೀರಾಗ ಬಿದ್ರೂ ಏನಾಗಲ್ಲಂತ್ರೀ.”

“ಬಟ್ಟಿ ಒಗಿಯಾಕ ಬರ್ತೈತೇನು, ಅದನ್ನ ಕೇಳು” ಅಂದಳು ಅತ್ತೆ.

ನನಗೆ ಮಡಿಕೆಯೂ ಬೇಡ, ಬಿಸಿಲೂ ಬೇಡ. ಉದ್ದ, ಅಗಲ, ದಪ್ಪ, ಮೂರು ಅಂಕಿ ಸಾಕು. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ, ಯಾವ ವೀಡಿಯೋ ಏನು ಹೇಳುತ್ತದೆ, ಅದಕ್ಕೆ ಆಧಾರ ಏನು ಎಂದು ಬರೆಯುತ್ತ ಹೋದೆ. ನಾಲ್ಕು ದಿನದಲ್ಲಿ ಮೂರು ಪುಟ ತುಂಬಿತು. ಆಧಾರದ ಕಾಲಂನಲ್ಲಿ ಎಲ್ಲದಕ್ಕೂ ಒಂದೇ ಉತ್ತರ ಬಂತು: ಇನ್ನೊಂದು ವೀಡಿಯೋ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಹೇಳುತ್ತಿದ್ದ, ಅವನದನ್ನು ಮೂರನೆಯವ ಹೇಳಿ, ಕೊನೆಗೆ ಮೊದಲನೆಯವನು ‘ಎಲ್ಲರೂ ಇದನ್ನೇ ಹೇಳ್ತಿದಾರೆ’ ಅನ್ನುತ್ತಿದ್ದ.

ಬಸ್ ನಿಲ್ದಾಣದ ಬಳಿ ಮೊಬೈಲ್ ಅಂಗಡಿ ಇಟ್ಟಿರುವವರೊಬ್ಬರು ಒಂದು ದಾರಿ ತೋರಿಸಿದರು. ಫೋನಿನ ಕವರ್ ಮಾಡುವವರೂ ನನ್ನ ಹಾಗೇ ಮೊದಲೇ ಅಳತೆ ಹುಡುಕುತ್ತಾರಂತೆ. ಅವರ ಹತ್ತಿರ ಡಮ್ಮಿ ಇರುತ್ತದೆ, ಅಂದರೆ ಬರಲಿರುವ ಫೋನಿನ ಗಾತ್ರದ್ದೊಂದು ಪ್ಲಾಸ್ಟಿಕ್ ಬಿಲ್ಲೆ. ಅವರೇ ಒಂದನ್ನು ಬಳ್ಳಾರಿಯಿಂದ, ಇನ್ನೊಂದನ್ನು ಬೆಂಗಳೂರಿನಿಂದ ತರಿಸಿಕೊಟ್ಟರು. ಗಾಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಟೇಪು ಹಿಡಿದೆ. ಒಂದು ಆರು ಇಂಚು. ಇನ್ನೊಂದು ಆರೂಮುಕ್ಕಾಲು.

“ಇದರಾಗ ಖರೇದ್ದು ಯಾವುದ್ರಿ?”

“ಎರಡೂ ಖರೇನ” ಅಂದರು ಅವರು. “ಸುಳ್ಳು ಯಾವುದು ಅಂತ ಮುಂದಿನ ತಿಂಗಳ ಗೊತ್ತಾಕ್ಕೈತಿ.”

ಮುಕ್ಕಾಲು ಇಂಚು ಕೇಳಲು ಚಿಕ್ಕದು. ಜೇಬಿನಲ್ಲಿ ಅದು ಆಕಾಶ ಭೂಮಿ. ಉದ್ದದ ಜೇಬಿನಲ್ಲಿ ಗಿಡ್ಡ ಫೋನು ಹಾಕಿ ಎರಡು ಮೆಟ್ಟಿಲು ಹತ್ತಿದೆ, ತೊಡೆಗೆ ಬಡಿಯುತ್ತ ಕುಣಿಯಿತು. ಗಿಡ್ಡ ಜೇಬಿನಲ್ಲಿ ಉದ್ದದ್ದು ಇಟ್ಟರೆ ತಲೆ ಹೊರಗೆ ಇಣುಕಿತು. ಸ್ಯಾಂಪಲ್ ಪ್ಯಾಂಟು ಹಾಕಿಕೊಂಡು ಯೂನಿಟ್ಟಿನ ಮೆಟ್ಟಿಲು ಹತ್ತುತ್ತ ಇಳಿಯುತ್ತ ಇದ್ದ ನನ್ನನ್ನು ನೋಡಿ ಮಾಸ್ಟರು, “ಡಿಗ್ರಿ ಮೇಡಂ ವ್ಯಾಯಾಮ ಮಾಡಾಕತ್ಯಾರ, ಯಾರೂ ಅಡ್ಡ ಬರಬ್ಯಾಡ್ರಿ” ಅಂದರು.

ತರಬೇತಿಗೆ ಸೇರಿದಾಗಿನಿಂದ ನಾನಿದ್ದದ್ದು ಅತ್ತೆಯ ಮನೆಯಲ್ಲೇ. ಅಂದು ರೊಟ್ಟಿ ತಟ್ಟುತ್ತ ಅವಳು ಕೇಳಿದಳು. “ಅಲ್ಲವಾ, ಆ ಫೋನು ಇನ್ನೂ ಹುಟ್ಟೇ ಇಲ್ಲ. ಹುಟ್ಟದ ಕೂಸಿಗೆ ಯಾರಾರ ಅಂಗಿ ಹೊಲೀತಾರೇನು?”

ನಮ್ಮ ಕಡೆ ಇದೊಂದು ಕಟ್ಟು. ಬಸುರಿ ಮನೆಯಲ್ಲಿ ಕೂಸಿಗೆಂದು ಮುಂಚೆ ಬಟ್ಟೆ ಹೊಲಿಯುವುದಿಲ್ಲ, ಬಟ್ಟೆ ಕತ್ತರಿಸುವುದೂ ಇಲ್ಲ. ಹುಟ್ಟಿದ ಕೂಸನ್ನು ಅಜ್ಜಿಯ ಹಳೆ ಸೀರೆಯಲ್ಲಿ ಸುತ್ತುತ್ತಾರೆ. ಅಂಗಿ ಅದರ ಮೈ ನೋಡಿದ ಮೇಲೆ. ಅತ್ತೆ ನಲವತ್ತು ವರ್ಷದಿಂದ ಹೊಲಿಯುತ್ತಿದ್ದಾಳೆ, ಓಣಿಯ ಎಷ್ಟೋ ಕೂಸುಗಳಿಗೆ ಮೊದಲ ಅಂಗಿ ಅವಳದೇ. ಹೆರಿಗೆಯ ಸುದ್ದಿ ಬರುವ ತನಕ ಕತ್ತರಿ ಮುಟ್ಟಿದವಳಲ್ಲ.

“ಅದು ಕೂಸು ಕಣತ್ತೆ, ಇದು ಪ್ಲಾಸ್ಟಿಕ್ಕು” ಅಂದೆ. “ಮೂಢನಂಬಿಕೆ ಎಲ್ಲ ಇಲ್ಲಿ ನಡೆಯಲ್ಲ.”

ಅವಳು ಇನ್ನೊಂದು ರೊಟ್ಟಿ ತಟ್ಟಿದಳು.

ಊರಿಂದ ಅಪ್ಪ ಫೋನು ಮಾಡಿದಾಗ ಅವನಿಗೂ ಹೇಳಿದೆ. ಅಪ್ಪನದು ಗುಂಡಿ ಒತ್ತುವ ಫೋನು. “ಕುರಿ ಹೊಟ್ಟೆ ಮುಟ್ಟಿ ಒಂದೈತೋ ಎರಡೈತೋ ಅಂತ ಹೇಳ್ಬೋದು ಕಣಮ್ಮ” ಅಂದ. “ಆದ್ರೆ ಮರಿ ಕಣ್ಣಿಗೆ ಬೀಳೋ ಗಂಟ ನಾನು ಮಂಕರಿ ಹೆಣೆಯಲ್ಲ.” ಮರಿಯ ಮೇಲೆ ಕವುಚಿ ಹಾಕುವ ಬುಟ್ಟಿಗೆ ನಮ್ಮಲ್ಲಿ ಮಂಕರಿ ಅನ್ನುತ್ತಾರೆ. ಇಬ್ಬರೂ ಒಂದೇ ಮಾತು ಹೇಳಿದ್ದರು. ನನಗೆ ಕೇಳಿಸಲಿಲ್ಲ.

ಬಟ್ಟೆ ಬಂತು. ದಿನ ಎಣಿಸಿದರೆ ಹೀಗಿತ್ತು ನಮ್ಮ ಪರಿಸ್ಥಿತಿ. ಜೀನ್ಸನ್ನು ಹೊಲಿದಾದ ಮೇಲೆ ಬಳ್ಳಾರಿಗೆ ವಾಷಿಂಗ್‌ಗೆ ಕಳಿಸಬೇಕು. ಅಲ್ಲಿ ದೊಡ್ಡ ಡ್ರಮ್ಮುಗಳಲ್ಲಿ ಹಗುರ ಕಲ್ಲುಗಳ ಜೊತೆ ತಿರುಗಿ, ಹೊಸ ಬಟ್ಟೆಯ ಕಡುನೀಲಿ ಇಳಿದು, ಅಲ್ಲಲ್ಲಿ ಬಿಳುಪು ಕಾಣಿಸಿಕೊಂಡು, ಮೆತ್ತಗಾಗಿ ಬರುತ್ತದೆ. ಹೋಗಿ ಬರಲು ಒಂದು ವಾರ. ಫೋನು ಬಿಡುಗಡೆಯಾಗುವ ದಿನಕ್ಕೆ ವಾಷಿಂಗ್ ಮುಗಿದು ಮಾಲು ನಮ್ಮ ಕೈಯಲ್ಲಿರಬೇಕು, ಮೂರು ದಿನದಲ್ಲಿ ಗಾಡಿ ಹೊರಡಬೇಕು. ಅಂದರೆ ಫೋನಿನ ಉದ್ದ ಗೊತ್ತಾಗುವ ಮೊದಲೇ ಜೇಬು ಹೊಲಿದಾಗಿರಬೇಕು. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಇದೇ ಬರುತ್ತಿತ್ತು. ಎಲ್ಲೋ ಯಾವುದೋ ಗಾಜಿನ ಕಟ್ಟಡದಲ್ಲಿ ನಾಲ್ಕು ಜನಕ್ಕೆ ಗೊತ್ತಿರುವ ಒಂದು ಅಂಕಿಗಾಗಿ ರಾಯದುರ್ಗದ ಒಂದು ಶೆಡ್ಡಿನಲ್ಲಿ ಎಂಟುನೂರು ಪ್ಯಾಂಟು ಕಾಯುತ್ತಿದ್ದವು.

ತರಬೇತಿ ಕೇಂದ್ರದ ಮೇಡಂಗೆ ಹೇಳಿಕೊಂಡೆ. ತೆಲುಗಿನವರು. “ಚೂದ್ದಾಂ” ಅಂದರು, ನೋಡೋಣ ಅಂತ. ನೋಡುವುದಕ್ಕೆ ಏನೂ ಇರಲಿಲ್ಲ ಎಂಬುದೇ ನನ್ನ ಕಷ್ಟವಾಗಿತ್ತು.

ಆಗ ನನಗೊಂದು ಉಪಾಯ ಹೊಳೆಯಿತು. ಹೊಳೆದಾಗ ಎಷ್ಟು ಹಿಗ್ಗಿದೆ ಎಂದು ನೆನೆದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ನಾನು ಶಾಲೆಗೆ ಹೋಗುವಾಗ ಯೂನಿಫಾರಂ ಲಂಗವನ್ನು ಅತ್ತೆಯೇ ರಾಯದುರ್ಗದಿಂದ ಹೊಲಿದು ಕಳಿಸುತ್ತಿದ್ದಳು. ಲಂಗದ ಕೆಳಗೆ ಎರಡು ಮಡಿಕೆ ಹಾಕಿ ಒಳಗೆ ಹೊಲಿದಿರುತ್ತಿದ್ದಳು. ನಾನು ಉದ್ದವಾದ ಹಾಗೆ ವರ್ಷಕ್ಕೊಂದು ಮಡಿಕೆ ಬಿಚ್ಚುವುದು. ಒಂದು ಲಂಗ ಮೂರು ವರ್ಷ. ಜೇಬಿಗೂ ಹಾಗೇ ಮಾಡಿದರೆ? ಉದ್ದ ಡಮ್ಮಿಗೆ ಸರಿಯಾಗಿ ಜೇಬು ಕತ್ತರಿಸುವುದು, ಕೆಳಗೆ ಮುಕ್ಕಾಲು ಇಂಚನ್ನು ಒಳಕ್ಕೆ ಮಡಿಚಿ ಹೊಲಿಯುವುದು. ಗಿಡ್ಡ ಫೋನು ಬಂದರೆ ಮಡಿಕೆ ಹಾಗೇ ಇರಲಿ. ಉದ್ದದ್ದು ಬಂದರೆ ಬಿಚ್ಚಿ, ಕೆಳಗೊಂದು ಹೊಲಿಗೆ. ಮೂರು ದಿನ ಧಾರಾಳ.

ಪಾರ್ಟಿಗೆ ಹೇಳಿದೆ, “ಸೂಪರ್ ಮೇಡಂ” ಅಂದರು. ಸಾಹುಕಾರರು, “ಅದಕ್ಕ ಓದಿದೋರು ಬೇಕು ಅನ್ನೂದು” ಅಂದರು. ಮಾಸ್ಟರು ನನ್ನ ರಟ್ಟನ್ನು ಕೈಗೆತ್ತಿಕೊಂಡು ಮಡಿಕೆಯ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು.

“ಈ ಮಡಿಕಿ ಒಳಗ ಏನೈತಿ ಅಂತ ನೋಡಿಯೇನವಾ?”

“ಬಟ್ಟೆ ಐತೆ ಮಾಸ್ಟ್ರೇ, ಇನ್ನೇನಿರುತ್ತೆ” ಅಂದೆ.

“ಹೌದಾ. ಸರಿ ಬಿಡು.” ರಟ್ಟನ್ನು ಟೇಬಲ್ಲಿಗೆ ಹಾಕಿ ಹೋದರು.

ಆ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದರೆ ಈ ಕಥೆ ಬರೆಯುವ ಅಗತ್ಯ ಬರುತ್ತಿರಲಿಲ್ಲ. ಆದರೆ ಅವರು ನನ್ನಿಂದ ಆಗುವುದಿಲ್ಲ ಅಂದವರು. ಅವರ ಬಾಯಿಂದ ಬಂದದ್ದೆಲ್ಲ ನನಗೆ ಚುಚ್ಚುಮಾತೇ. ಕೇಳಿದರೆ ಸೋತಂತೆ ಅಂದುಕೊಂಡೆ.

ಬಟ್ಟೆಯನ್ನು ಪದರು ಪದರಾಗಿ ಹಾಸಿ, ಮೇಲೆ ನನ್ನ ರಟ್ಟುಗಳನ್ನಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕಟಿಂಗ್ ಮಷೀನು ಮಾಸ್ಟರೇ ಹಿಡಿದರು. ಗೆರೆ ಬಿಟ್ಟು ಒಂದೆಳೆ ಆಚೀಚೆ ಹೋಗಲಿಲ್ಲ. ಕೆಲಸದಲ್ಲಿ ಅವರು ಹಗೆ ಸಾಧಿಸುವವರಲ್ಲ. ಹನ್ನೆರಡು ದಿನ ಹೊಲಿಗೆ ನಡೆಯಿತು. ಜೇಬು ಕೂಡಿಸುವ ಕೆಲಸ ಅತ್ತೆಯ ಮಷೀನಿನದು. ಎಂಟುನೂರು ಮಡಿಕೆಯನ್ನೂ ಅವಳೇ ಹೊಲಿದಳು. ಪ್ರತಿ ಜೇಬಿನಲ್ಲೂ ಗಿಡ್ಡ ಡಮ್ಮಿ ಹಾಕಿ ತೆಗೆದು ನೋಡಿದೆ. ಮಾಲು ಬಳ್ಳಾರಿಗೆ ಹೋಯಿತು.

ಆ ವಾರ ನನಗೆ ಮಾಡಲು ಏನೂ ಇರಲಿಲ್ಲ. ದಿನಕ್ಕೊಂದು ಹೊಸ ಸುದ್ದಿ. ಫೋನು ಗಿಡ್ಡ ಅಂತೆ. ಇಲ್ಲ, ಉದ್ದ ಅಂತೆ. ಬಿಡುಗಡೆಯೇ ಮುಂದಕ್ಕೆ ಹೋಯಿತಂತೆ. ಗುಂಡಿ ಹಚ್ಚುವಾಕೆ ಬೆಳಿಗ್ಗೆ ಬಂದ ತಕ್ಷಣ, “ಏನಕ್ಕ, ಇವತ್ತು ಎಷ್ಟು ಇಂಚು?” ಅನ್ನುವಳು, ಚಿನ್ನದ ರೇಟು ಕೇಳಿದ ಹಾಗೆ. ನಾನೂ ನಗುತ್ತಿದ್ದೆ. ಮಡಿಕೆ ಇತ್ತಲ್ಲ, ಧೈರ್ಯ.

ವಾಷಿಂಗಿನಿಂದ ಮಾಲು ಬಂದ ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಬಿಡುಗಡೆ. ಸಾಹುಕಾರರು ಮಷೀನು ನಿಲ್ಲಿಸಲು ಒಪ್ಪಿದರು. ಒಂದು ಫೋನನ್ನು ದಾರದ ರೀಲಿಗೆ ಆನಿಸಿಟ್ಟು ಇಪ್ಪತ್ತು ಜನ ಸುತ್ತ ನಿಂತೆವು. ಅದು ಮಡಚುವ ಫೋನಲ್ಲ. ಚಾರ್ಜರ್ ತೂತೂ ಇತ್ತು. ಬಿಸಿಲಿನ ಮಾತೇ ಬರಲಿಲ್ಲ. “ಹೋದ ವರ್ಷದ್ದ ಐತಲ್ರೀ, ಬಣ್ಣ ಬ್ಯಾರೆ ಬಳದಾರ” ಎಂದು ಇಸ್ತ್ರಿಯಾತ ಬೇಸರಪಟ್ಟ. ಕೊನೆಗೆ ಸಣ್ಣ ಅಕ್ಷರದಲ್ಲಿ ಅಳತೆ ಬಂತು. ಉದ್ದದ ಡಮ್ಮಿಯೇ ನಿಜವಾಗಿತ್ತು. ಆರೂಮುಕ್ಕಾಲು.

ನಾನು ಚಪ್ಪಾಳೆ ತಟ್ಟಿದೆ. ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ ತೆಗೆದುಕೊಂಡು, ಮೊದಲ ಪ್ಯಾಂಟನ್ನು ಟೇಬಲ್ಲಿನ ಮೇಲೆ ಹಾಕಿ, ಮಡಿಕೆ ಬಿಚ್ಚಿ, ಕೈಯಿಂದ ತೀಡಿದೆ.

ತೊಡೆಯೆಲ್ಲ ತಿಳಿನೀಲಿ. ಜೇಬಿನ ಮೇಲ್ಭಾಗವೂ ತಿಳಿನೀಲಿ. ಮಡಿಕೆಯೊಳಗೆ ಅಡಗಿದ್ದ ಮುಕ್ಕಾಲು ಇಂಚು ಮಾತ್ರ, ವಾಷಿಂಗಿನ ನೀರು ಕಲ್ಲು ಯಾವುದೂ ತಾಕದೆ, ಅಂಗಡಿಯಿಂದ ಬಂದ ದಿನದ ಕಡುನೀಲಿಯಲ್ಲೇ ಇತ್ತು. ಜೇಬಿನ ಕೆಳಗೆ ಅಡ್ಡಕ್ಕೆ ಪಟ್ಟಿ ಬಳಿದ ಹಾಗೆ.

ಎರಡನೆಯದು ಬಿಚ್ಚಿದೆ. ಮೂರನೆಯದು. ಹತ್ತನೆಯದರ ಹೊತ್ತಿಗೆ ಅತ್ತೆ ನನ್ನ ಕೈ ಹಿಡಿದಳು. “ಸಾಕು ಬಿಡವಾ. ಎಲ್ಲಾ ಹಂಗ ಇರ್ತಾವ.”

ಆಗ ನೆನಪಾಯಿತು, ನನ್ನ ಲಂಗಕ್ಕೂ ಗೆರೆ ಇತ್ತು. ಪ್ರತಿ ಜೂನ್ ತಿಂಗಳಲ್ಲಿ ಮಡಿಕೆ ಬಿಚ್ಚಿದಾಗ ಕೆಳಗೊಂದು ಕಡು ಪಟ್ಟಿ ಕಾಣುತ್ತಿತ್ತು. “ಇವಳದು ಹೋದ ವರ್ಷದ ಲಂಗ” ಎಂದು ಜೊತೆಯ ಹುಡುಗಿಯರು ಅದನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಪುಸ್ತಕದ ಚೀಲವನ್ನು ಮುಂದೆ ಹಿಡಿದು ಅದನ್ನು ಮುಚ್ಚಿಕೊಂಡು ನಡೆಯುತ್ತಿದ್ದೆ. ಹತ್ತು ವರ್ಷ ನಾನೇ ಹೊತ್ತು ತಿರುಗಿದ ಗೆರೆ. ಮಡಿಕೆ ನೆನಪಿಗೆ ಬಂತು, ಗೆರೆ ಬರಲಿಲ್ಲ.

ಸಾಹುಕಾರರು ಆಫೀಸಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅದು ಬೈಗುಳಕ್ಕಿಂತ ಹೆಚ್ಚಾಯಿತು. ಮಡಿಕೆ ಬಿಚ್ಚದೆ ಕಳಿಸಿದರೆ ಫೋನು ಇಣುಕುತ್ತದೆ. ಬಿಚ್ಚಿ ಕಳಿಸಿದರೆ ಪಟ್ಟಿ. ಹೊಸ ಜೇಬು ಹೊಲಿಯಲು ಬಟ್ಟೆಯಿಲ್ಲ, ವಾಷಿಂಗಿಗೆ ದಿನವಿಲ್ಲ. ಅರ್ಧ ಗಂಟೆ ಅಲ್ಲೇ ಸ್ಟೂಲಿನ ಮೇಲೆ ಕೂತೆ. ಆಮೇಲೆ ಎದ್ದು ಮಾಸ್ಟರ ಹತ್ತಿರ ಹೋದೆ. ಈ ಇಡೀ ಕೆಲಸದಲ್ಲಿ ನಾನು ಸರಿಯಾಗಿ ತೆಗೆದುಕೊಂಡ ಮೊದಲ ತೀರ್ಮಾನ ಅದು.

“ಮಾಸ್ಟ್ರೇ, ತಪ್ಪಾಗೈತೆ. ಏನ್ ಮಾಡ್ಲಿ ಹೇಳ್ರಿ.”

“ಮಡಿಕಿ ಒಳಗ ಏನೈತಿ ಅಂತ ಕೇಳಿದ್ನಿಲ್ಲ?”

“ಕೇಳಿದ್ರಿ.”

“ಅವತ್ತೇ ಬಿಡಿಸಿ ಹೇಳ್ಬೇಕಿತ್ತು, ನಂದೂ ತಪ್ಪು ಐತಿ. ನಿನ್ನ ದಿಮಾಕು ನೋಡಿ ಬಾಯಿ ಕಟ್ಟಿತು.” ಕನ್ನಡಕ ತೆಗೆದು ಒರೆಸಿಕೊಂಡರು. “ಉಪ್ಪುಕಾಗದ ತರಿಸು. ಎಷ್ಟು ಸಿಗ್ತೈತೋ ಅಷ್ಟು.”

ಉಪ್ಪುಕಾಗದ ಎಂದರೆ ಬಡಗಿಗಳು ಮರ ಉಜ್ಜುವ ಕಾಗದ. ಜೀನ್ಸಿನ ತೊಡೆಯ ಮೇಲೆ ಸವೆದ ಹಾಗೆ ಕಾಣಿಸಲು ಅದರಿಂದ ಉಜ್ಜುವುದುಂಟು. ಮಾಸ್ಟರು ಒಂದು ಮರದ ತುಂಡನ್ನು ಜೇಬಿನೊಳಗೆ ತೂರಿಸಿ, ಕಾಗದವನ್ನು ಬೆರಳಿಗೆ ಸುತ್ತಿ, ಪಟ್ಟಿಯ ನಡುವಿನಿಂದ ಅಂಚಿಗೆ ಹಗುರಾಗಿ ಎಳೆದು ತೋರಿಸಿದರು. ಗಟ್ಟಿಯಾಗಿ ಒತ್ತಿದರೆ ಎಳೆ ಹರಿಯುತ್ತದೆ, ಹಗುರಾದರೆ ಬಣ್ಣ ಇಳಿಯುವುದಿಲ್ಲ. ಮಡಿಕೆ ಬಿಚ್ಚಿ, ಉಜ್ಜಿ, ಕೆಳಗೆ ಹೊಲಿಗೆ ಹಾಕಲು ಒಂದು ಜೇಬಿಗೆ ಅರ್ಧ ಗಂಟೆ. ಎರಡೂವರೆ ದಿನ ಇಡೀ ಯೂನಿಟ್ಟು ಮೂಗಿಗೆ ಬಟ್ಟೆ ಕಟ್ಟಿಕೊಂಡು ಉಜ್ಜಿತು. ನೀಲಿ ಧೂಳು ಚಹಾದೊಳಗೆ, ಅನ್ನದೊಳಗೆ. ಯಾರೂ ನನ್ನನ್ನು ಬೈಯಲಿಲ್ಲ. “ಏನಕ್ಕ, ಇವತ್ತು ಎಷ್ಟು ಇಂಚು?” ಎಂದು ಯಾರೂ ಕೇಳಲೂ ಇಲ್ಲ.

ಪಾರ್ಟಿಯ ಕಡೆಯಿಂದ ಚೆಕ್ ಮಾಡುವಾತ ಬಂದ. ಒಂದೊಂದನ್ನೂ ಬೆಳಕಿಗೆ ಹಿಡಿದ. ಪಾಸಾದದ್ದು ಒಂದು ಕಡೆ, ಪಟ್ಟಿ ಇನ್ನೂ ಕಾಣುವುದು ಇನ್ನೊಂದು ಕಡೆ. ಇನ್ನೊಂದು ಕಡೆಯ ಗುಡ್ಡೆ ನೂರಿಪ್ಪತ್ತಕ್ಕೆ ನಿಂತಿತು. ಉಳಿದದ್ದು ಗಾಡಿ ಹತ್ತಿತು. ಪಾರ್ಟಿಯವರು ಫೋನಿನಲ್ಲಿ, “ಅದನ್ನ ಹದಿನೈದು ದಿನದಲ್ಲಿ ಸರಿ ಮಾಡಿ ಕಳಿಸಿ ಮೇಡಂ, ಇಲ್ಲಾಂದ್ರೆ ನಿಮ್ಮಲ್ಲೇ ಇರಲಿ” ಅಂದರು.

ಫಾರಂ ಹಿಡಿದು ಮಾಸ್ಟರ ಮುಂದೆ ನಿಂತೆ.

“ಮಾಲು ಪಾಸಾಗಿಲ್ಲವ್ವಾ” ಅಂದರು. ಅಷ್ಟೇ. ಅವರು ಹೇಳಿದ್ದು ನಿಜವೇ ಆಗಿತ್ತು.

ಸರಿ ಮಾಡುವ ದಾರಿ ಅತ್ತೆಯ ರೊಟ್ಟಿಯ ಮಾತಿನಲ್ಲೇ ಇತ್ತು. ಕೂಸು ಹುಟ್ಟುವ ತನಕ ಅಂಗಿ ಹೊಲಿಯಬೇಡ. ಅಂದರೆ, ಜೇಬಿನ ಬಟ್ಟೆಯನ್ನು ಹೊಲಿಯದೆ ಬಿಡಿಯಾಗಿಯೇ ವಾಷಿಂಗಿಗೆ ಹಾಕಿಸಿ ಇಟ್ಟುಕೊಂಡು, ಫೋನು ಬಂದ ಮೇಲೆ ಅಳತೆಗೆ ಕತ್ತರಿಸಿ ಕೂಡಿಸಬೇಕಿತ್ತು. ನಾನು ಮೂಢನಂಬಿಕೆ ಅಂದದ್ದು ಒಬ್ಬ ದರ್ಜಿಯ ಬುದ್ಧಿವಾದವಾಗಿತ್ತು. ಕಟಿಂಗಿನಲ್ಲಿ ಉಳಿದ ತುಂಡುಗಳನ್ನು ಗೋಣಿಯಿಂದ ಸುರುವಿ ಆರಿಸಿದೆವು. ನೂರಿಪ್ಪತ್ತು ಜೇಬಿಗೆ ಹೇಗೋ ಸಾಕಾಯಿತು. ಬಲೆಯ ಚೀಲದಲ್ಲಿ ಕಟ್ಟಿ ಬಳ್ಳಾರಿಗೆ ನಾನೇ ಹೊತ್ತುಕೊಂಡು ಹೋದೆ.

ಅಷ್ಟರಲ್ಲಿ ನಿಜವಾದ ಫೋನು ಬಸ್ ನಿಲ್ದಾಣದ ಅಂಗಡಿಗೂ ಬಂದಿತ್ತು. ಗಾಜಿನ ಮೇಲಿಟ್ಟು ಟೇಪು ಹಿಡಿದೆ. ಮುಟ್ಟಿದರೆ ತಣ್ಣಗೆ, ನುಣ್ಣಗೆ ಇತ್ತು. ಒಂದು ತಿಂಗಳು ಇದರ ಬಗ್ಗೆ ಅಷ್ಟು ಮಾತಾಡಿದವಳು, ಆರೂಮುಕ್ಕಾಲು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದೆ.

ಹಳೆ ಜೇಬು ಬಿಚ್ಚಿದಾಗ ಅದರ ಕೆಳಗೂ ಕಡುನೀಲಿಯೇ, ಜೇಬಿನ ನೆರಳು ಬಿದ್ದ ಹಾಗೆ. ಆ ನೆರಳು ಮುಚ್ಚಲೆಂದು ಹೊಸ ಜೇಬನ್ನು ಅಂಚಿನಲ್ಲಿ ಒಂದೆಳೆ ಅಗಲ ಮಾಡಿದೆ. ಈ ಸಲ ಪ್ರತಿ ಗೆರೆಯನ್ನೂ ಮಾಸ್ಟರಿಗೆ ತೋರಿಸಿ ಎಳೆದೆ. ಅವರೂ ಪ್ರತಿ ಗೆರೆಗೂ ಒಂದು ಕೊಂಕು ತೆಗೆದರು. ನೂರ ಹದಿಮೂರು ಪಾಸಾದವು. ಏಳು ಉಳಿದವು, ಅವನ್ನು ಏನು ಮಾಡಿದರೂ ಆಗಲಿಲ್ಲ.

ಫಾರಂ ಮತ್ತೆ ಮುಂದಿಟ್ಟೆ. ಮಾಸ್ಟರು ಒಂದು ಖಾಲಿ ಕಾಲಂ ಮೇಲೆ ಬೆರಳಿಟ್ಟರು: ತಿರಸ್ಕೃತವಾದ ಮಾಲು, ಕಾರಣ.

“ಇದನ್ನ ತುಂಬು.”

ಮೊದಲ ಸಲದ ನೂರಿಪ್ಪತ್ತು, ಕೊನೆಗೆ ಉಳಿದ ಏಳು, ಎರಡನ್ನೂ ಬರೆದೆ. ಕಾರಣದ ಮುಂದೆ ಹೀಗೆ ಬರೆದೆ: ‘ಜೇಬಿಗೆ ಮಡಿಕೆ ಇಟ್ಟು ವಾಷಿಂಗಿಗೆ ಕಳಿಸಿದ್ದು. ಯೋಚನೆ ನನ್ನದು. ಯಾರನ್ನೂ ಕೇಳಿರಲಿಲ್ಲ.’ ಅದನ್ನು ಓದಿದರು. ಇನ್ನೊಮ್ಮೆ ಓದಿದರು. ಕಿವಿಯ ಮೇಲಿದ್ದ ಪೆನ್ನು ತೆಗೆದು ಸಹಿ ಹಾಕಿದರು.

“ಮತ್ತ ಆಗೂದಿಲ್ಲ ಅಂದಿದ್ರಲ್ರಿ ಮಾಸ್ಟರು” ಎಂದು ಗುಂಡಿ ಹಚ್ಚುವಾಕೆ ಕೆಣಕಿದಳು.

“ಡಿಗ್ರಿ ಮಾಡಿದೋರ ಕೈಗೆ ಕತ್ತರಿ ಕೂಡೂದಿಲ್ಲ ಅಂದಿದ್ದೆ” ಅಂದರು ಮಾಸ್ಟರು. “ಬೈಸಿಗೊಂಡು ಕಲತೋರಿಗೆ ಕೂಡ್ತೈತಿ.”

ತರಬೇತಿ ಕೇಂದ್ರದಲ್ಲಿ ದೊಡ್ಡ ಸಮಾರಂಭವೇನೂ ಇರಲಿಲ್ಲ. ಮೇಡಂ ಒಬ್ಬೊಬ್ಬರ ಹೆಸರು ಕೂಗಿ, ಮೇಜಿನಾಚೆಯಿಂದ ಸರ್ಟಿಫಿಕೇಟ್ ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡರು. ನನ್ನದು ಬಂದಾಗ ಎರಡೂ ಕೈ ಚಾಚಿ ತೆಗೆದುಕೊಂಡೆ. ಹಿಗ್ಗು ಬರಬೇಕಿತ್ತು. ಬಂದದ್ದು ಒಂದು ನಿಟ್ಟುಸಿರು. ಆ ಏಳು ಪ್ಯಾಂಟುಗಳು ಕಣ್ಣ ಮುಂದೆ ಇದ್ದವು.

ಹೊರಗೆ ಬೇವಿನ ನೆರಳಿನಲ್ಲಿ ಅತ್ತೆ ಕಾಯುತ್ತಿದ್ದಳು. ಓದು ಬಾರದವಳು. ಸರ್ಟಿಫಿಕೇಟನ್ನು ನನ್ನ ಕೈಯಿಂದ ಇಸಿದುಕೊಂಡು, ಸೆರಗಿನಿಂದ ಕೈ ಒರೆಸಿ, ತಲೆಕೆಳಗಾಗಿಯೇ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಕೊರಳಲ್ಲಿ ನೇತಾಡುತ್ತಿದ್ದ ಟೇಪು ತೆಗೆದು ಅದರ ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಹಿಡಿದಳು.

“ಇದಕ್ಕೊಂದು ಚೀಲ ಹೊಲೀತೀನಿ ಬಾ” ಅಂದಳು. “ಈಗ ಹುಟ್ಟೈತಲ್ಲ.”